ಟೈರಿನ ಗ್ರಿಪ್: ರಸ್ತೆಗೆಷ್ಟು, ಕಣ್ಣಿಗೆಷ್ಟು?

(ದಾವಣಗೆರೆಯಲ್ಲಿ ಟೈರ್ ವ್ಯಾಪಾರಿಗಳು, ಸವೆದ ಟೈರಿಗೆ ಹೊಸ ಗ್ರಿಪ್ ಕೂರಿಸುವ ರೀಟ್ರೇಡಿಂಗ್ ಘಟಕದವರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಿ.ಬಿ. ರಸ್ತೆಯ ಯಾವುದಾದರೂ ಟೈರ್ ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿರುವ ಹೊಸ ಟೈರುಗಳನ್ನು ನೋಡಿ. ಅಳತೆ ಒಂದೇ, ರಿಮ್ ಒಂದೇ, ಹೊರಬೇಕಾದ ಭಾರವೂ ಒಂದೇ. ಆದರೂ ಒಂದೊಂದು ಕಂಪನಿಯ ಗ್ರಿಪ್ ಒಂದೊಂದು ಥರ. ಮಾಡುವ ಕೆಲಸ ಒಂದೇ ಆದ ಮೇಲೆ ಚಿತ್ತಾರ ಯಾಕೆ ಬೇರೆ ಬೇರೆ?

ಗ್ರಿಪ್ಪಿನ ಒಂದು ಪಾಲನ್ನು ನೀರು, ಕಲ್ಲು, ಭಾರ, ಶಾಖ ಇವೇ ತೀರ್ಮಾನಿಸಿಬಿಡುತ್ತವೆ. ಅಲ್ಲಿ ಚಿತ್ರ ಬರೆಯುವವನ ಮಾತು ನಡೆಯುವುದಿಲ್ಲ. ಉಳಿದ ಪಾಲು ಅವನ ಕೈಯಲ್ಲಿದೆ, ಅದು ನೋಡುವ ಕಣ್ಣಿಗಾಗಿ. ಡಿಸೈನ್ ಕಾನೂನು ಕಾಯುವುದು ಈ ಎರಡನೇ ಪಾಲನ್ನು ಮಾತ್ರ. ಇವೆರಡರ ಗಡಿ ಎಲ್ಲಿದೆ ಅಂತ ತಿಳಿಯದೆ ಹೊಸ ಅಚ್ಚು ಮಾಡಿಸಿದರೆ ಅಚ್ಚಿಗೆ ಹಾಕಿದ ದುಡ್ಡೂ ಹೋಗಬಹುದು, ಕೋರ್ಟಿಗೂ ಅಲೆಯಬೇಕಾಗಬಹುದು. ಹಾಗಾಗಿ ಇವತ್ತು ಆ ಗಡಿಯ ಬಗ್ಗೆಯೇ ಹೆಚ್ಚು ಮಾತು.

ಗ್ಯಾರೇಜಿನಲ್ಲಿ ‘ಗ್ರಿಪ್’ ಅಂದರೆ ಎಲ್ಲವೂ ಅದರಲ್ಲೇ ಬಂತು. ಡಿಸೈನ್ ಮಾಡಲು ಕೂತಾಗ ಅದನ್ನು ಬಿಡಿಸಿಕೊಳ್ಳಬೇಕು. ಟೈರಿನ ಸುತ್ತ ಉದ್ದಕ್ಕೂ ಓಡುವ ಅಗಲದ ಕಾಲುವೆ ಗ್ರೂವ್. ಎರಡು ಗ್ರೂವುಗಳ ನಡುವೆ ಎಲ್ಲೂ ತುಂಡಾಗದೆ ಸುತ್ತುವ ರಬ್ಬರ್ ಪಟ್ಟಿ ರಿಬ್. ಆ ಪಟ್ಟಿಯನ್ನು ಅಡ್ಡಕ್ಕೆ ಕಡಿದರೆ ಬ್ಲಾಕ್, ಲಾರಿಯವರ ಬಾಯಲ್ಲಿ ಬಟನ್. ಬ್ಲಾಕಿನ ಮೈಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಕಾಣುವ ಸಣ್ಣ ಸೀಳು ಸೈಪ್. ನೆಲಕ್ಕೆ ತಾಗುವ ಈ ಹೊರ ಮೇಲ್ಮೈಯೆಲ್ಲ ಸೇರಿ ಟ್ರೆಡ್, ಅದರ ಎರಡೂ ಬದಿಯ ಅಂಚು ಶೋಲ್ಡರ್. ಹೊಸ ಕಾರ್ ಟೈರಿನಲ್ಲಿ ಗ್ರೂವಿನ ಆಳ ಸುಮಾರು 7ರಿಂದ 8 ಮಿ.ಮೀ. ಇರುತ್ತದೆ. ಲಾರಿಯ ಮುಂದಿನ ರಿಬ್ ಟೈರಿಗೆ 14-16 ಮಿ.ಮೀ., ಹಿಂದಿನ ಬಟನ್ ಟೈರಿಗೆ 18-22 ಮಿ.ಮೀ. ಕಾರ್ ಟೈರಿನ ಮೇಲ್ಮೈಯಲ್ಲಿ ಶೇ 30ರ ಆಸುಪಾಸು ಖಾಲಿ ಜಾಗ. ಟ್ರ್ಯಾಕ್ಟರಿನ ದೊಡ್ಡ ಗಾಲಿಯಲ್ಲಿ ರಬ್ಬರಿಗಿಂತ ಖಾಲಿ ಜಾಗವೇ ಜಾಸ್ತಿ.

ರಸ್ತೆಯ ಪಾಲು

ನೀರಿನಿಂದ ಶುರು ಮಾಡೋಣ. ಕಾರಿನ ಟೈರ್ ನೆಲಕ್ಕೆ ತಾಗುವ ಜಾಗ ಸುಮಾರು 15 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ರಸ್ತೆ ಮೇಲೆ 3 ಮಿ.ಮೀ. ನೀರು ನಿಂತಿದ್ದರೆ ಒಂದು ಟೈರ್ ಸೆಕೆಂಡಿಗೆ 10 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ರಬ್ಬರಿನ ಒಂದು ಬಿಂದು ನೆಲಕ್ಕೆ ತಾಗಿರುವುದು 7 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರೊಳಗೆ ನೀರು ಹೊರಗೆ ಹೋಗದಿದ್ದರೆ ರಬ್ಬರಿಗೂ ರಸ್ತೆಗೂ ನಡುವೆ ನೀರಿನ ಪದರ ಉಳಿಯುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ತೇಲಿಕೊಂಡು ಹೋಗುತ್ತದೆ.

ಈಗ ಗ್ರೂವಿನ ಲೆಕ್ಕ. 9 ಮಿ.ಮೀ. ಅಗಲ, 7 ಮಿ.ಮೀ. ಆಳದ ನಾಲ್ಕು ಗ್ರೂವ್ ಇದ್ದರೆ ಅವುಗಳೊಳಗೆ ಅದೇ ವೇಗದಲ್ಲಿ ಸೆಕೆಂಡಿಗೆ ಐದೂವರೆ ಲೀಟರ್ ನೀರು ಹಿಡಿಯುತ್ತದೆ. ಮಿಕ್ಕಿದ್ದನ್ನು ಅಡ್ಡ ಗ್ರೂವುಗಳು ಶೋಲ್ಡರಿನ ಕಡೆಯಿಂದ ಹೊರಗೆ ದೂಡುತ್ತವೆ, ಒಂದಷ್ಟು ಟೈರಿನ ಮುಂದೆಯೇ ಚಿಮ್ಮುತ್ತದೆ. ಟೈರ್ ಸವೆದು ಆಳ 1.6 ಮಿ.ಮೀ.ಗೆ ಇಳಿದಾಗ ಅವೇ ನಾಲ್ಕು ಗ್ರೂವುಗಳಲ್ಲಿ ಹಿಡಿಯುವುದು ಒಂದೂಕಾಲು ಲೀಟರ್ ಚಿಲ್ಲರೆ. ನಮ್ಮ ಮೋಟಾರು ವಾಹನ ನಿಯಮಗಳು ಕಾರು, ಲಾರಿಗಳಿಗೆ 1.6 ಮಿ.ಮೀ., ಎರಡು ಮತ್ತು ಮೂರು ಚಕ್ರದ ವಾಹನಗಳಿಗೆ 0.8 ಮಿ.ಮೀ. ಕನಿಷ್ಠ ಆಳ ಗೊತ್ತು ಮಾಡಿವೆ. ಅದು ಕಾನೂನಿನ ಕೊನೆಯ ಗೆರೆ ಅಷ್ಟೆ. ಮಳೆಗಾಲದಲ್ಲಿ ಹೆದ್ದಾರಿ ಹಿಡಿಯುವವರು 3 ಮಿ.ಮೀ. ಹತ್ತಿರ ಬಂದಾಗಲೇ ಹೊಸ ಟೈರಿನ ಯೋಚನೆ ಮಾಡಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಗಾಳಿಯದ್ದೂ ಇದರಲ್ಲಿ ಪಾಲಿದೆ. ನಾಸಾ ಪ್ರಯೋಗಗಳಿಂದ ಬಂದ ಒಂದು ಸರಳ ಸೂತ್ರ ಇದೆ: ಪಿಎಸ್‌ಐ ಲೆಕ್ಕದ ಗಾಳಿಯ ಒತ್ತಡದ ವರ್ಗಮೂಲವನ್ನು 16.6ರಿಂದ ಗುಣಿಸಿದರೆ, ಗ್ರಿಪ್ ಹೋದ ಟೈರ್ ನಿಂತ ನೀರಿನ ಮೇಲೆ ತೇಲಲು ಶುರುವಾಗುವ ವೇಗ ಗಂಟೆಗೆ ಇಷ್ಟು ಕಿ.ಮೀ. ಅಂತ ಸಿಗುತ್ತದೆ. 36 ಪಿಎಸ್‌ಐ ಇದ್ದರೆ ಸುಮಾರು 100 ಕಿ.ಮೀ. 25ಕ್ಕೆ ಇಳಿದಿದ್ದರೆ 83. ಎಷ್ಟೇ ಚೆಂದದ ಚಿತ್ತಾರ ಇರಲಿ, ಗಾಳಿ ಕಡಿಮೆ ಇದ್ದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಆದರೆ ಚಿತ್ರದುರ್ಗದ ಕಡೆ ಟೈರ್ ಹಾಳು ಮಾಡುವುದರಲ್ಲಿ ನೀರಿಗಿಂತ ಕಲ್ಲು ಮುಂದು. ಕ್ರಷರ್ ಲಾರಿ, ಅದಿರು ಲಾರಿ, ಜಲ್ಲಿ ಉದುರಿದ ಸರ್ವಿಸ್ ರಸ್ತೆ ಎಲ್ಲವೂ ಇಲ್ಲಿವೆ. ಲಾರಿ ಟೈರಿನ ಗ್ರೂವಿನ ಅಗಲ 10ರಿಂದ 14 ಮಿ.ಮೀ. ಇರುವುದರಿಂದ 40 ಎಂಎಂ ಜಲ್ಲಿ ಅದರೊಳಗೆ ಹೋಗುವುದೇ ಇಲ್ಲ. 12 ಎಂಎಂ ಜಲ್ಲಿ ಮಾತ್ರ ಅಳತೆ ತೆಗೆದು ಮಾಡಿದಂತೆ ಕೂತುಬಿಡುತ್ತದೆ. ಒಮ್ಮೆ ಕೂತ ಕಲ್ಲನ್ನು ಗಾಲಿಯ ಪ್ರತಿ ಸುತ್ತೂ ಒಂದಿಷ್ಟು ಒಳಗೆ ಒತ್ತುತ್ತದೆ. ತಳದ ರಬ್ಬರ್ ಕೊರೆದು ಅದರಡಿಯ ಉಕ್ಕಿನ ತಂತಿಯ ಬೆಲ್ಟ್ ಮುಟ್ಟಿದ ಮೇಲೆ ಆ ತೂತಿನಿಂದ ನೀರು ಇಳಿದು ತಂತಿ ತುಕ್ಕು ಹಿಡಿಯುತ್ತದೆ, ಬೆಲ್ಟಿಗೂ ರಬ್ಬರಿಗೂ ಇದ್ದ ಬೆಸುಗೆ ಬಿಡುತ್ತದೆ. ಆ ಕೇಸಿಂಗ್, ಅಂದರೆ ಗ್ರಿಪ್ಪಿನ ಕೆಳಗಿನ ಟೈರಿನ ಒಡಲು, ಮತ್ತೆ ರೀಟ್ರೇಡಿಂಗಿಗೆ ಬರುವುದಿಲ್ಲ. ಟೈರಿನ ಅರ್ಧ ಬೆಲೆ ಇರುವುದೇ ಕೇಸಿಂಗಿನ ಮರುಬಳಕೆಯಲ್ಲಿ ಅನ್ನುವುದು ಲಾರಿ ಮಾಲೀಕರಿಗೆ ಚೆನ್ನಾಗಿ ಗೊತ್ತು.

ಗ್ರೂವಿನ ತಳದಲ್ಲಿ ಅಲ್ಲಲ್ಲಿ 2ರಿಂದ 4 ಮಿ.ಮೀ. ಎತ್ತರದ ಸಣ್ಣ ದಿಣ್ಣೆಗಳನ್ನು ನೀವು ನೋಡಿರಬಹುದು. ಕೆಲವರು ಅದನ್ನು ಸವೆತದ ಗುರುತು ಅಂದುಕೊಳ್ಳುತ್ತಾರೆ. ಅದು ಕಲ್ಲನ್ನು ಮೇಲಕ್ಕೆ ತಳ್ಳುವ ದಿಣ್ಣೆ. ಟೈರ್ ಉರುಳುವಾಗ ಅದು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕಲ್ಲನ್ನು ಹೊರಗೆ ಹಾಕುತ್ತದೆ. ಸವೆತದ ಗುರುತು ಇದಕ್ಕಿಂತ ಗಿಡ್ಡ. ಅದು ಗ್ರೂವಿನ ಅಗಲಕ್ಕೂ ಅಡ್ಡವಾಗಿ ಕಟ್ಟಿದ 1.6 ಮಿ.ಮೀ. ಕಟ್ಟೆ, ಕಾರ್ ಟೈರಿನ ಸುತ್ತ ಕನಿಷ್ಠ 6 ಕಡೆ ಇರುತ್ತದೆ. ಟೈರಿನ ಪಕ್ಕದ ಗೋಡೆಯಾದ ಸೈಡ್‌ವಾಲಿನಲ್ಲಿ ಟಿಡಬ್ಲ್ಯುಐ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುವ ನೇರಕ್ಕೆ ಮೇಲೆ ಹುಡುಕಿದರೆ ಸಿಗುತ್ತದೆ. ಆಳ ಅಳೆಯುವ ಡೆಪ್ತ್ ಗೇಜ್ ಇಡುವಾಗ ಈ ಕಟ್ಟೆಯ ಮೇಲಾಗಲಿ ದಿಣ್ಣೆಯ ಮೇಲಾಗಲಿ ಇಟ್ಟರೆ ಅಳತೆ ತಪ್ಪುತ್ತದೆ.

ಲಾರಿಯ ಮುಂದಿನ ಆಕ್ಸಲಿಗೆ ರಿಬ್, ಹೌಸಿಂಗಿಗೆ (ಗಾಡಿ ಎಳೆಯುವ ಹಿಂದಿನ ಆಕ್ಸಲಿಗೆ) ಬಟನ್ ಅನ್ನುವ ರೂಢಿಗೂ ಕಾರಣ ಇದೆ. ಮುಂದಿನ ಗಾಲಿ ತಿರುಗಬೇಕು, ನೇರ ಓಡಬೇಕು, ತಣ್ಣಗಿರಬೇಕು. ಹಿಂದಿನದು ಎಳೆಯಬೇಕು. ಬಟನ್ ಟೈರನ್ನು ಮುಂದೆ ಹಾಕಿದರೆ ಬ್ಲಾಕಿನ ಒಂದು ಅಂಚು ಹೆಚ್ಚು, ಇನ್ನೊಂದು ಅಂಚು ಕಡಿಮೆ ಸವೆದು ಗರಗಸದ ಹಲ್ಲಿನಂತಾಗುತ್ತದೆ. ಅಂಗೈ ಇಟ್ಟು ಸವರಿದರೆ ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಒರಟು. ಬ್ಲಾಕ್ ಸಣ್ಣದಾದಷ್ಟೂ, ಸೈಪ್ ಜಾಸ್ತಿಯಾದಷ್ಟೂ ಈ ಕಾಯಿಲೆ ಬೇಗ ಬರುತ್ತದೆ. ಆದ್ದರಿಂದಲೇ ಅಕ್ಕಪಕ್ಕದ ಬ್ಲಾಕುಗಳನ್ನು ಗ್ರೂವಿನ ತಳದಲ್ಲಿ ಒಂದು ರಬ್ಬರ್ ಸೇತುವೆಯಿಂದ ಕಟ್ಟಿಹಾಕುತ್ತಾರೆ.

ಭದ್ರಾ ನಾಲೆಯ ಗದ್ದೆ ಕಡೆಯವರಿಗೆ ಒಂದು ಮಾತು. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಗ್ರಿಪ್ಪಿಗೆ ದಿಕ್ಕಿದೆ. ಹಿಂದೆ ನಿಂತು ನೋಡಿದರೆ ಬಾಣದ ಮೊನೆ ಮೇಲಕ್ಕಿರಬೇಕು. ಹಾಗಿದ್ದರೆ ಮೊನೆ ಮೊದಲು ನೆಲಕ್ಕೆ ತಾಗಿ, ಕೆಸರು ಎರಡೂ ಬದಿಗೆ ಜಾರಿ ಹೊರಗೆ ಬೀಳುತ್ತದೆ. ಗಾಲಿ ಅದಲು ಬದಲಾದರೆ ಕೆಸರು ನಡುವೆ ಬಂದು ತುಂಬಿಕೊಂಡು ಗಾಲಿ ಉರುಟು ಕಂಬದ ಹಾಗೆ ಸುತ್ತುತ್ತದೆ. ಗದ್ದೆಯ ಕೆಸರು ಕಲಸುವ ರೊಳ್ಳೆ ಹೊಡೆಯುವುದೇ ಮುಖ್ಯ ಕೆಲಸ ಆಗಿದ್ದರೆ ಸಾಮಾನ್ಯ ಆರ್-1 ಗ್ರಿಪ್ಪಿಗಿಂತ ತೀರಾ ಆಳವಿರುವ ಆರ್-2 ನೋಡಿ. ಆದರೆ ಅದನ್ನೇ ಹಾಕಿಕೊಂಡು ಮೆಕ್ಕೆಜೋಳದ ಟ್ರೇಲರ್ ಎಳೆದು ಎಪಿಎಂಸಿಗೆ ಡಾಂಬರಿನ ಮೇಲೆ ಓಡಾಡಿದರೆ ಆ ಎತ್ತರದ ಗ್ರಿಪ್ ಬಾಗಿ ಬಾಗಿ ಬೇಗ ಸವೆಯುತ್ತದೆ.

ಸದ್ದಿನ ಲೆಕ್ಕ

ಗ್ರಿಪ್ಪಿನಲ್ಲಿ ಒಂದೇ ಆಕಾರ ಸುತ್ತಲೂ ಮರುಕಳಿಸುತ್ತದೆ. ಒಂದು ಮರುಕಳಿಕೆಯ ಉದ್ದವೇ ಪಿಚ್. 185/65 ಆರ್15 ಅಳತೆಯ ಕಾರ್ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಅದರಲ್ಲಿ 70 ಪಿಚ್ ಇದ್ದು ಎಲ್ಲವೂ ಒಂದೇ ಉದ್ದ ಇದ್ದರೆ, 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 800 ಬ್ಲಾಕುಗಳು ಒಂದೇ ಅಂತರದಲ್ಲಿ ನೆಲಕ್ಕೆ ಬಡಿಯುತ್ತವೆ. ಕಿವಿಗೆ ಅದು 800 ಹರ್ಟ್ಜ್‌ನ ಒಂದೇ ಶ್ರುತಿಯ ಊಳು. ಅದಕ್ಕೇ ಮೂರು ಅಥವಾ ಹೆಚ್ಚು ಅಳತೆಯ ಪಿಚ್ ಇಟ್ಟುಕೊಂಡು, ಉದಾಹರಣೆಗೆ 24, 28, 33 ಮಿ.ಮೀ., ಅವನ್ನು ಬೆರೆಸಿ ಜೋಡಿಸುತ್ತಾರೆ. ಸದ್ದು ಕಡಿಮೆ ಆಗುವುದಕ್ಕಿಂತ ಹೆಚ್ಚಾಗಿ ಹರಡಿಹೋಗುತ್ತದೆ, ಕಿವಿಗೆ ಚುಚ್ಚುವುದಿಲ್ಲ. ಸಣ್ಣದು ದೊಡ್ಡದರ ಅಂತರ ಅತಿಯಾದರೆ ಉದ್ದದ ಬ್ಲಾಕ್ ಗಟ್ಟಿ, ಗಿಡ್ಡದ್ದು ಮೆತ್ತಗೆ ಆಗಿ ಸವೆತ ಏರುಪೇರಾಗುತ್ತದೆ. ಕಣ್ಣಿಗೂ ಗೆರೆ ಎಡವಿದಂತೆ ಕಾಣುತ್ತದೆ.

ಕಣ್ಣಿನ ಪಾಲು

ಇಷ್ಟೆಲ್ಲ ಕಟ್ಟುಪಾಡು ಇದ್ದಮೇಲೂ ಚಿತ್ತಾರಕ್ಕೆ ಎಷ್ಟು ಜಾಗ ಉಳಿಯುತ್ತದೆ ನೋಡಿ. ಹೊಸ ಟೈರಿನ ಶೋಲ್ಡರ್ ಬ್ಲಾಕನ್ನು ಹತ್ತಿರದಿಂದ ಗಮನಿಸಿ. ಹಲವು ಟೈರುಗಳಲ್ಲಿ ಅದರ ಹೊರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸಣ್ಣ ಗೀರುಗಳಿವೆ, ಆಳ ಅರ್ಧ ಮಿ.ಮೀ. ಕೂಡ ಇಲ್ಲ. ಕೆಲವೇ ದಿನಗಳ ಓಡಾಟಕ್ಕೆ ಅಳಿಸಿಹೋಗುತ್ತವೆ. ನೀರಿಗೂ ಅವುಗಳಿಗೂ ಸಂಬಂಧ ಇಲ್ಲ, ಅವು ಇರುವುದು ಅಂಗಡಿಯಲ್ಲಿ ನಿಂತಾಗ ಬೆಳಕು ಹಿಡಿಯಲಿಕ್ಕೆ. ಬ್ಲಾಕಿನ ಮೂಲೆ ಕತ್ತರಿಸಿರುವ ಓರೆ ಭಾಗ ಅರ್ಧ ಕೆಲಸಕ್ಕೆ, ಅರ್ಧ ನೋಟಕ್ಕೆ: ಚೂಪು ಮೂಲೆ ಹರಿಯುವುದನ್ನು ಅದು ತಡೆಯುತ್ತದೆ, ಆದರೆ 30 ಡಿಗ್ರಿಯೋ 45 ಡಿಗ್ರಿಯೋ ಅನ್ನುವುದು ಬಹುಪಾಲು ಕಣ್ಣಿನ ತೀರ್ಮಾನ. ಅಡ್ಡ ಗ್ರೂವ್ ಹೊರಗೆ ತೆರೆದುಕೊಳ್ಳಲೇಬೇಕು, ಅದು ರಸ್ತೆಯ ಹಟ. ಅದು ನೇರವಾಗಿ ಹೋಗಬೇಕೋ, ಬಿಲ್ಲಿನಂತೆ ಬಾಗಬೇಕೋ, ಮಿಂಚಿನಂತೆ ಮುರಿಯಬೇಕೋ ಅನ್ನುವುದು ಚಿತ್ರ ಬರೆಯುವವನ ಹಕ್ಕು.

ಎಸ್‌ಯುವಿ ಟೈರುಗಳ ಶೋಲ್ಡರಿನಿಂದ ಸೈಡ್‌ವಾಲಿಗೆ ಇಳಿದಿರುವ ದಪ್ಪ ದಪ್ಪ ಗಟ್ಟಿಗಳು ಕಲ್ಲು, ಕೆಸರಿನ ದಾರಿಯಲ್ಲಿ ನಿಜವಾಗಿ ಕಚ್ಚುತ್ತವೆ. ಊರೊಳಗಿನ ಡಾಂಬರಿನ ಮೇಲೆ ಅವು ನೆಲಕ್ಕೇ ತಾಗುವುದಿಲ್ಲ. ಬೈಕಿನ ಟೈರಿನಲ್ಲಿ ನೇರ ಓಡುವಾಗ ನಡುವಿನ ಪಟ್ಟಿ ಮಾತ್ರ ಕೆಲಸ ಮಾಡುತ್ತದೆ, ಅಂಚಿನ ಚಿತ್ತಾರಕ್ಕೆ ಸರದಿ ಬರುವುದು ಗಾಡಿ ವಾಲಿದಾಗ. ಇಂಥ ಜಾಗಗಳಲ್ಲಿ ಚಿತ್ತಾರಕ್ಕೆ ಸ್ವಾತಂತ್ರ್ಯ ಹೆಚ್ಚು.

ಟೈರಿನ ನೋಟವನ್ನೇ ಮಾರಾಟಕ್ಕೆ ಬಳಸುವುದು ಇವತ್ತಿನದಲ್ಲ. ಜರ್ಮನಿಯ ಕಾಂಟಿನೆಂಟಲ್ 1904ರಲ್ಲಿ ಗ್ರಿಪ್ ಇರುವ ಕಾರ್ ಟೈರ್ ತಂದಿತು. ಅದಕ್ಕೆ ಮುಂಚೆ ಕಾರ್ ಟೈರ್ ನುಣ್ಣಗಿರುತ್ತಿತ್ತು. 1908ರ ಸುಮಾರಿಗೆ ಅಮೆರಿಕದ ಫೈರ್‌ಸ್ಟೋನ್ ತನ್ನ ಹೆಸರನ್ನೂ ‘ನಾನ್ ಸ್ಕಿಡ್’ ಅನ್ನುವ ಮಾತನ್ನೂ ದಪ್ಪ ಅಕ್ಷರಗಳಲ್ಲಿ ಓರೆಯಾಗಿ ಟ್ರೆಡ್ಡಿನ ಮೇಲೇ ಎಬ್ಬಿಸಿತು. ಆ ಅಕ್ಷರಗಳೇ ಬ್ಲಾಕುಗಳು. ಕೆಲಸ ಮತ್ತು ಗುರುತು ಎರಡೂ ಒಂದೇ ರಬ್ಬರಿನಲ್ಲಿ ಕೂತ ಇಷ್ಟು ಸ್ಪಷ್ಟ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ವಿದ್ಯಾರ್ಥಿಗಳಿಗೆ ಒಂದು ಕೆಲಸದ ಸೂಚನೆ. ಚಿತ್ತಾರವನ್ನು ಹೊಸ ಟೈರಿಗೆ ಮಾತ್ರ ಬರೆಯಬೇಡಿ. ಪೂರ್ತಿ ಆಳ, ಅರ್ಧ ಆಳ, 2 ಮಿ.ಮೀ. ಹೀಗೆ ಮೂರು ನಕ್ಷೆ ಬರೆಯಿರಿ. ಗ್ರೂವಿನ ಗೋಡೆ ಓರೆಯಾಗಿರುವುದರಿಂದ ಸವೆದಂತೆ ಗ್ರೂವ್ ಕಿರಿದಾಗುತ್ತದೆ, ಸೇತುವೆಗಳು ಮೇಲೆ ಬರುತ್ತವೆ, ಆಳವಿಲ್ಲದ ಸೈಪುಗಳು ಮಾಯವಾಗುತ್ತವೆ. ಹೊಸದಿದ್ದಾಗ ಕಣ್ಣು ಕುಕ್ಕುವ ಎಷ್ಟೋ ಡಿಸೈನುಗಳು ಅರ್ಧ ಸವೆದಾಗ ಬೋಳು ರಿಬ್ ಆಗಿ ಉಳಿಯುವುದು ಇದರಿಂದಲೇ.

ಅಚ್ಚು ಒಪ್ಪಬೇಕು

ಸಂಕ್ರಾಂತಿಯ ಸಕ್ಕರೆ ಅಚ್ಚು ಬಿಡಿಸಿದವರಿಗೆ ಗೊತ್ತು, ಅಚ್ಚಿನ ಗೋಡೆ ಒಳಕ್ಕೆ ವಾಲಿದ್ದರೆ ಆನೆಯ ಸೊಂಡಿಲು ಅಲ್ಲೇ ಉಳಿಯುತ್ತದೆ. ಟೈರಿನದೂ ಅದೇ ಕಥೆ. ಗ್ರೂವಿನ ಪ್ರತಿ ಗೋಡೆಗೂ 5ರಿಂದ 10 ಡಿಗ್ರಿ ಓರೆ ಬೇಕು. ತಳದ ಮೂಲೆ ಚೂಪಾಗಿರದೆ ದುಂಡಗಿರಬೇಕು, ಇಲ್ಲದಿದ್ದರೆ ಬಾಗಿದಾಗೆಲ್ಲ ಒತ್ತಡ ಆ ಮೂಲೆಗೇ ಸೇರಿ ಬಿರುಕು ಬಿಡುತ್ತದೆ. ಸೈಪ್ ಆಗುವುದು ಅಚ್ಚಿನಲ್ಲಿ ನೆಟ್ಟ ತೆಳು ಉಕ್ಕಿನ ಬ್ಲೇಡಿನಿಂದ, ದಪ್ಪ 0.4ರಿಂದ 0.8 ಮಿ.ಮೀ. ಟೈರ್ ಬಿಡಿಸುವಾಗ ಬ್ಲೇಡ್ ಬಾಗಿದರೆ ಆ ಒಂದು ಜಾಗದ ಸೈಪ್ ಸೊಟ್ಟಗಾಗಿ ಮುಂದಿನ ಟೈರುಗಳಲ್ಲೆಲ್ಲ ಕಾಣುತ್ತದೆ. ಮುರಿದರೆ ಬ್ಲೇಡಿನ ಚೂರು ರಬ್ಬರಿನೊಳಗೆ. ಹೊಸ ಟೈರಿನ ಮೇಲಿನ ರಬ್ಬರ್ ಕೂದಲುಗಳು ಅಚ್ಚಿನ ಗಾಳಿ ತೂತುಗಳ ಗುರುತು. ಅವು ಇವೆ ಅಂದಮಾತ್ರಕ್ಕೆ ಟೈರ್ ಹೊಸದು ಅಂತ ನಂಬಬೇಡಿ, ಸೈಡ್‌ವಾಲಿನ ವಾರ-ವರ್ಷದ ನಾಲ್ಕು ಅಂಕಿ ನೋಡಿ.

ಪ್ರೀಕ್ಯೂರ್ ರೀಟ್ರೇಡಿಂಗಿನಲ್ಲಿ ಚಿತ್ತಾರ ಮೊದಲೇ ಬೆಂದ ಪಟ್ಟಿಯಲ್ಲಿ ಬರುತ್ತದೆ. ಬಫಿಂಗ್ ಮಾಡಿದ, ಅಂದರೆ ಹಳೇ ಗ್ರಿಪ್ ಉಜ್ಜಿ ತೆಗೆದ ಕೇಸಿಂಗಿನ ಸುತ್ತಳತೆ 3.32 ಮೀಟರ್, ಪಿಚ್ 60 ಮಿ.ಮೀ. ಅಂದುಕೊಳ್ಳಿ. 55 ಪಿಚ್‌ಗೆ 3.30 ಮೀಟರ್ ಆಗಿ 20 ಮಿ.ಮೀ. ಉಳಿಯುತ್ತದೆ. ಅದನ್ನು ಮುಚ್ಚಲು ಪಟ್ಟಿಯನ್ನು ಎಳೆದು ಕೂರಿಸುವುದೇ ಎಲ್ಲ ಕಡೆ ನಡೆಯುವ ತಪ್ಪು. ಎಳೆತ ಒಳಗೇ ಉಳಿದುಕೊಂಡು ಕೊನೆಗೆ ಜಾಯಿಂಟ್ ಬಾಯಿ ಬಿಡುತ್ತದೆ. ಪಟ್ಟಿಯನ್ನು 20 ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ಜಾಯಿಂಟನ್ನು ಗ್ರೂವಿನಲ್ಲಿ ಇಡದೆ ಬ್ಲಾಕಿನ ದಪ್ಪ ಭಾಗದಲ್ಲಿ ಬರುವಂತೆ ನೋಡಿಕೊಳ್ಳಿ. ಒಂದು ಕಡೆ ಚಿತ್ತಾರ ಒಂಚೂರು ತಪ್ಪಿದಂತೆ ಕಂಡರೂ ಟೈರ್ ಗಟ್ಟಿ.

ಸವೆದ ಟೈರಿಗೆ ಕಾಯಿಸಿದ ಬ್ಲೇಡಿನಿಂದ ಗ್ರಿಪ್ ಕಟಿಂಗ್ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಸೈಡ್‌ವಾಲಿನ ಮೇಲೆ ‘ರೀಗ್ರೂವಬಲ್’ ಅಂತ ಬರೆದಿರುವ ಟೈರಿನಲ್ಲಿ ಮಾತ್ರ ಅದಕ್ಕೆಂದೇ ತಳದಲ್ಲಿ ಹೆಚ್ಚಿನ ರಬ್ಬರ್ ಇಟ್ಟಿರುತ್ತಾರೆ. ಬೇರೆ ಟೈರಿಗೆ ಕೊಯ್ದರೆ ಕಣ್ಣಿಗೆ ಗ್ರಿಪ್ ಕಾಣುತ್ತದೆ, ಒಳಗೆ ಬೆಲ್ಟಿನ ಮೇಲೆ ಒಂದು ಪೊರೆ ಕೂಡ ಉಳಿದಿರುವುದಿಲ್ಲ.

ಕಾನೂನು ಏನು ಕಾಯುತ್ತದೆ

ನಮ್ಮ ಡಿಸೈನ್ಸ್ ಕಾಯ್ದೆ 2000ದ್ದು, ಜಾರಿಗೆ ಬಂದದ್ದು 2001ರ ಮೇ 11ರಿಂದ. ವಸ್ತುವಿನ ಆಕಾರ, ವಿನ್ಯಾಸ, ಚಿತ್ತಾರ, ಅಲಂಕಾರಗಳಲ್ಲಿ ಕಣ್ಣಿನಿಂದಷ್ಟೇ ಅಳೆಯುವಂಥದ್ದಕ್ಕೆ ಅದು ರಕ್ಷಣೆ ಕೊಡುತ್ತದೆ. ಬರೀ ಯಾಂತ್ರಿಕ ಸಾಧನವನ್ನೂ ರಚನೆಯ ತತ್ವವನ್ನೂ ಹೊರಗಿಡುತ್ತದೆ. ‘ನಾಲ್ಕು ಉದ್ದ ಗ್ರೂವ್ ಇರುವ ಟೈರ್’ ಯಾರ ಸೊತ್ತೂ ಅಲ್ಲ. ಆ ನಾಲ್ಕು ಗ್ರೂವುಗಳ ನಡುವೆ ನೀವು ಕೂರಿಸಿದ ನಿರ್ದಿಷ್ಟ ಚಿತ್ತಾರ ನಿಮ್ಮದಾಗಬಹುದು. ಅದೇ ಕೆಲಸವನ್ನು ಬೇರೆ ಹತ್ತು ಆಕಾರಗಳೂ ಮಾಡಬಲ್ಲವಾದರೆ, ನೀವು ಆರಿಸಿದ್ದು ನೋಟಕ್ಕಾಗಿ ಅನ್ನುವ ವಾದಕ್ಕೆ ಬಲ ಬರುತ್ತದೆ.

ನೋಂದಣಿ ಅರ್ಜಿ ನಮೂನೆ 1ರಲ್ಲಿ, ಟೈರಿಗೆ ವರ್ಗ 12-15 (12ನೇ ವರ್ಗದ 15ನೇ ಉಪವರ್ಗ). ವ್ಯಕ್ತಿಗಳಿಗೆ, ಸ್ಟಾರ್ಟಪ್ಪಿಗೆ, ಸಣ್ಣ ಘಟಕಗಳಿಗೆ ಶುಲ್ಕ 1,000 ರೂಪಾಯಿ, ಉಳಿದವರಿಗೆ 4,000. ಅವಧಿ 10 ವರ್ಷ, ಅದು ಮುಗಿಯುವ ಮುನ್ನ ಕೇಳಿಕೊಂಡರೆ ಇನ್ನು 5. ಎ4 ಹಾಳೆಯಲ್ಲಿ ಚಿತ್ರಗಳು: ಓರೆ ನೋಟ, ಎದುರು, ಎರಡು ಬದಿ, ಹಾಗೂ ಟ್ರೆಡ್ಡಿನ ಹತ್ತಿರದ ನೋಟ. ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಎದುರು ನೋಟದ ಬ್ಲಾಕಿಗೂ ಓರೆ ನೋಟದ ಬ್ಲಾಕಿಗೂ ತಾಳೆಯಾಗುವುದಿಲ್ಲ. ಸೈಡ್‌ವಾಲಿನ ಬ್ರಾಂಡ್ ಅಕ್ಷರ ಹಾಗೇ ಉಳಿದಿರುತ್ತದೆ, ಅದರ ಮೇಲೆ ಹಕ್ಕು ಕೇಳುತ್ತಿಲ್ಲ ಅನ್ನುವ ಸಾಲು ಇರುವುದಿಲ್ಲ. ಹೊಸತನ ಯಾವುದರಲ್ಲಿದೆ ಅನ್ನುವ ಹೇಳಿಕೆಯಲ್ಲಿ ‘ಒಳ್ಳೆ ಹಿಡಿತ ಕೊಡುತ್ತದೆ’ ಅಂತ ಬರೆದು ತಮ್ಮ ಕೇಸನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಅಲ್ಲಿ ಇರಬೇಕಾದದ್ದು ಚಿತ್ರದಲ್ಲಿ ಕಾಣುವ ಆಕಾರ, ಮೇಲ್ಮೈ ಚಿತ್ತಾರದ ಮಾತು ಮಾತ್ರ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಡಿಸೈನ್ ಪೇಟೆಂಟ್ ಇದೆ, 2015ರ ಮೇ 13ರಿಂದ ಸಲ್ಲಿಸಿದವಕ್ಕೆ ಅವಧಿ 15 ವರ್ಷ. ಅಲ್ಲಿನ ಚಿತ್ರಗಳಲ್ಲಿ ಟ್ರೆಡ್ ತುಂಬು ಗೆರೆಯಲ್ಲೂ ಸೈಡ್‌ವಾಲ್ ಚುಕ್ಕಿ ಗೆರೆಯಲ್ಲೂ ಇರುತ್ತದೆ. ಚುಕ್ಕಿ ಗೆರೆಯದ್ದರ ಮೇಲೆ ಹಕ್ಕಿಲ್ಲ. ಲಾರಿ ಟೈರಿನ ಗ್ರಿಪ್ ಕುರಿತು ಗುಡ್‌ಇಯರ್ ಕಂಪನಿ ಹರ್ಕ್ಯುಲಿಸ್ ಟೈರ್ ಕಂಪನಿಯ ಮೇಲೆ ಹೂಡಿದ ದಾವೆ 1998ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಉಲ್ಲಂಘನೆ ಆಗಿಲ್ಲ ಅನ್ನುವುದು ಅದರ ತೀರ್ಪು.

ಎಲ್ಲಕ್ಕಿಂತ ದೊಡ್ಡ ಅಪಾಯ ಆತುರದ ಪ್ರಚಾರ. ಅರ್ಜಿ ಹಾಕುವ ಮೊದಲೇ ಡೀಲರುಗಳಿಗೆ ಫೋಟೊ ಹಂಚಿದರೆ, ಸ್ಟೇಟಸ್‌ನಲ್ಲಿ ಹಾಕಿದರೆ ಹೊಸತನ ಹೋಯಿತು. ಮೊದಲು ಅರ್ಜಿ, ಆಮೇಲೆ ಕ್ಯಾಟಲಾಗ್. ‘ಕಾಪಿರೈಟ್ ಇದೆಯಲ್ಲ’ ಅಂತ ಸುಮ್ಮನಿರಲೂ ಆಗುವುದಿಲ್ಲ: ಡಿಸೈನ್ ಆಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಚಿತ್ರವನ್ನು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ವಸ್ತುವಿಗೆ ಇಳಿಸಿದರೆ ಅದರ ಕಾಪಿರೈಟೂ ಮುಗಿಯುತ್ತದೆ. ಟೈರಿನ ವಿಷಯದಲ್ಲಿ 50 ಅಂದರೆ ಒಂದು ದಿನದ ಕೆಲಸವೂ ಅಲ್ಲ. ನೋಂದಣಿ ಸಿಕ್ಕ ಮೇಲೆ ಪ್ರತಿ ಟೈರಿನ ಮೇಲೂ ನೋಂದಾಯಿತ ಅನ್ನುವ ‘ಆರ್‌ಡಿ’ ಗುರುತು ಮತ್ತು ನೋಂದಣಿ ಸಂಖ್ಯೆ ಬರುವಂತೆ ಅಚ್ಚಿನಲ್ಲೇ ಕೆತ್ತಿಸಿ. ಗುರುತಿಲ್ಲದಿದ್ದರೆ ಪರಿಹಾರ ವಸೂಲಿ ಕಷ್ಟ.

ಸಭೆಯಿಂದ ಬಂದ ಪ್ರಶ್ನೆ: ಇನ್ನೊಬ್ಬರ ಗ್ರಿಪ್ಪಿನಲ್ಲಿ ಶೇ 20ರಷ್ಟು ಬದಲಾಯಿಸಿದರೆ ಸಾಕು ಅನ್ನುತ್ತಾರೆ, ನಿಜವೇ?

ಅಂಥ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮೇಲ್ನೋಟಕ್ಕೇ ತಿಳಿಯುವ ಅಥವಾ ವಂಚನೆಯ ನಕಲು ಆದರೆ ಅದು ಕಳವು, ಶೇಕಡಾ ಎಷ್ಟೇ ಇರಲಿ. ಒಂದೊಂದು ಉಲ್ಲಂಘನೆಗೆ 25,000 ರೂಪಾಯಿವರೆಗೆ, ಒಂದು ಡಿಸೈನಿಗೆ ಒಟ್ಟು 50,000ದವರೆಗೆ ಕೊಡಬೇಕಾಗುತ್ತದೆ. ಇಲ್ಲವೇ ಮಾಲೀಕ ಜಿಲ್ಲಾ ನ್ಯಾಯಾಲಯದಲ್ಲಿ ನಷ್ಟಕ್ಕೆ ದಾವೆ ಹೂಡಿ ತಡೆಯಾಜ್ಞೆ ತರಬಹುದು. ತಡೆಯಾಜ್ಞೆ ಬಂದರೆ ಅಚ್ಚು ಗುಜರಿಗೆ.

ಇನ್ನೊಂದು ಪ್ರಶ್ನೆ: ಇಪ್ಪತ್ತು ವರ್ಷದಿಂದ ಎಲ್ಲರೂ ಮಾಡುತ್ತಿರುವ ಹಳೇ ಬಟನ್ ಪಟ್ಟಿ ಮಾಡಬಹುದೇ?

ಡಿಸೈನಿನ ಮಟ್ಟಿಗೆ ಮಾಡಬಹುದು. 15 ವರ್ಷ ದಾಟಿದ ಮೇಲೆ ಆ ಚಿತ್ತಾರ ಎಲ್ಲರದು. ಆದರೆ ಪಟ್ಟಿಯ ಹೆಸರು ಬೇರೆ ಮಾತು. ಟ್ರೇಡ್‌ಮಾರ್ಕನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಲೇ ಹೋಗಬಹುದು, ಹಾಗಾಗಿ ಹಳೇ ಗ್ರಿಪ್ ಮಾಡಿದರೂ ಹಳೇ ಹೆಸರು ಒತ್ತಬೇಡಿ. ಅಚ್ಚಿಗೆ ಮುಂಗಡ ಕೊಡುವ ಮೊದಲು ಕೇಂದ್ರ ಸರ್ಕಾರದ ಪೇಟೆಂಟ್-ಡಿಸೈನ್ ಕಚೇರಿಯ ಜಾಲತಾಣದಲ್ಲಿ ವರ್ಗ 12-15ರ ನೋಂದಣಿಗಳನ್ನು ತೆರೆದು, ಚಿತ್ರಗಳನ್ನು ನಿಮ್ಮ ನಕ್ಷೆಯ ಪಕ್ಕ ಇಟ್ಟು ನೋಡಿ. ಹತ್ತಿರದ್ದು ಕಂಡರೆ ಅದರ ನೋಂದಣಿ ದಿನಾಂಕ, ಐದು ವರ್ಷದ ವಿಸ್ತರಣೆ ಆಗಿದೆಯೋ ಇಲ್ಲವೋ ಎರಡನ್ನೂ ಬರೆದಿಟ್ಟುಕೊಂಡು ಆಮೇಲೆ ಅಚ್ಚಿನವನ ಹತ್ತಿರ ಹೋಗಿ.